ಎಫ್-1 ವಿದ್ಯಾರ್ಥಿಗಳು ಕಾಂಟ್ರ್ಯಾಕ್ಟರ್ ಆಗಿ ಕೆಲಸ ಮಾಡಬಹುದೇ? 1099, ಸಿಪಿಟಿ ಮತ್ತು ಓಪಿಟಿ ಕುರಿತು ಚರ್ಚೆ

ಪ್ರಶ್ನೆ: ಎಂ.ಎಸ್. ವಿದ್ಯಾರ್ಥಿ, ಇಲಿನಾಯ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಕಳೆದ ಆಗಸ್ಟ್‌ನಲ್ಲಿ ಅಮೆರಿಕದ ವಿದ್ಯಾರ್ಥಿ ವೀಸಾವಾದ ಎಫ್-1ರಲ್ಲಿ ಬಂದು ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಎಂ.ಎಸ್. ಸೇರಿ, ಈಗ ಎರಡನೆಯ ಸೆಮಿಸ್ಟರ್‌ನ ನಡುವಿನಲ್ಲಿದ್ದೇನೆ. ಒಂದು ಸಣ್ಣ ಕಂಪನಿಯವರು ತಮ್ಮ ವೆಬ್‌ಸೈಟಿನ ಕೆಲಸಕ್ಕೆ ವಾರಕ್ಕೆ ಹದಿನೈದು ಗಂಟೆಯಂತೆ ನನ್ನನ್ನು ಕರೆದಿದ್ದಾರೆ. ಮನೆಯಿಂದಲೇ ಮಾಡುವ ಕೆಲಸ, ಗಂಟೆಯ ಲೆಕ್ಕದಲ್ಲಿ ಹಣ. ನನಗೆ ಕೆಲಸದ ಅನುಮತಿ ಇಲ್ಲವಲ್ಲ ಎಂದು ಕೇಳಿದಾಗ ಅವರು, "ನೀವು ನಮ್ಮ ನೌಕರರಲ್ಲ, ಸ್ವತಂತ್ರ ಕಾಂಟ್ರ್ಯಾಕ್ಟರ್. ಆದ್ದರಿಂದ ಕೆಲಸದ ಅನುಮತಿ ಪರಿಶೀಲಿಸುವ ಐ-9 ನಮೂನೆ ತುಂಬುವ ಅಗತ್ಯವಿಲ್ಲ. ತೆರಿಗೆಯ ಡಬ್ಲ್ಯು-9 ನಮೂನೆ ಒಂದಕ್ಕೆ ಸಹಿ ಹಾಕಿ ಕಳುಹಿಸಿದರೆ ಸಾಕು, ವರ್ಷದ ಕೊನೆಗೆ ಕೊಟ್ಟ ಹಣದ ಲೆಕ್ಕ ತೋರಿಸುವ 1099 ನಮೂನೆ ಕೊಡುತ್ತೇವೆ" ಎಂದರು. ನನ್ನ ಬಳಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇದೆ. ಮೊದಲ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ಸಿನ ಗ್ರಂಥಾಲಯದಲ್ಲಿ ಕೆಲಸ ಮಾಡಿದಾಗ ಸಿಕ್ಕಿದ್ದು. ಊರಿನಲ್ಲಿ ಬ್ಯಾಂಕಿನ ಶಿಕ್ಷಣ ಸಾಲದ ಬಡ್ಡಿ ಏರುತ್ತಿದೆ, ಹಾಗಾಗಿ ಈ ಹಣ ನನಗೆ ನಿಜವಾಗಿಯೂ ಬೇಕಾಗಿದೆ. ಇದನ್ನು ಒಪ್ಪಿಕೊಳ್ಳಬಹುದೇ? ಈ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಹಿಂದೆ ಎಫ್-1 ವಿದ್ಯಾರ್ಥಿನಿ, ಈಗ ಟೆಕ್ಸಸ್

ಈಗ ಒಪ್ಪಿಕೊಳ್ಳಬೇಡಿ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇದೇ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ ಮತ್ತು "ಕಾಂಟ್ರ್ಯಾಕ್ಟ್ ಕೆಲಸ ಮಾಡಬಹುದು", "ಮಾಡಬಾರದು" ಎಂಬ ಎರಡೂ ಉತ್ತರಗಳು ಕೇಳಿಬರುತ್ತವೆ. ನೀವು ಯಾವ ಹಂತದಲ್ಲಿದ್ದೀರಿ ಎನ್ನುವುದರ ಮೇಲೆ ಎರಡೂ ಸರಿಯಾಗಬಹುದು.

ಕಂಪನಿಯವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಐ-9 ಎನ್ನುವುದು ಕಂಪನಿಯು ತನ್ನ ನೌಕರರಿಂದ ತುಂಬಿಸಿಕೊಳ್ಳಬೇಕಾದ ನಮೂನೆ, ಸ್ವತಂತ್ರ ಕಾಂಟ್ರ್ಯಾಕ್ಟರ್‌ನಿಂದ ಅದನ್ನು ತುಂಬಿಸಿಕೊಳ್ಳುವ ಹೊಣೆ ಕಂಪನಿಗೆ ಇಲ್ಲ. ಆದರೆ ಅದು ಕಂಪನಿಯ ದಾಖಲೆಯ ಮಾತಾಯಿತು. ನಿಮ್ಮ ಸ್ಟೇಟಸ್ ಅನ್ನು, ಅಂದರೆ ವೀಸಾ ನಿಯಮಗಳಂತೆ ಇಲ್ಲಿರುವ ಹಕ್ಕನ್ನು, ಕಾಯುವುದು ಬೇರೆಯೇ ನಿಯಮ. ಅಮೆರಿಕದ ವಲಸೆ ನಿಯಮಾವಳಿಯ 214.1ನೆಯ ವಿಭಾಗದ ಪ್ರಕಾರ, ತಾತ್ಕಾಲಿಕ ವೀಸಾದಲ್ಲಿರುವ ವ್ಯಕ್ತಿ ತನಗೆ ಅನುಮತಿ ದೊರೆತ ಕೆಲಸವನ್ನು ಮಾತ್ರ ಮಾಡಬಹುದು, ಅನುಮತಿ ಇಲ್ಲದ ಯಾವ ಕೆಲಸವನ್ನು ಮಾಡಿದರೂ ಸ್ಟೇಟಸ್ ಮುರಿದಂತೆ. ಹಣ ಸಂಬಳವಾಗಿ ಬಂತೋ ಬಿಲ್ಲಿನ ಮೇಲೆ ಬಂತೋ ಎಂಬುದರಿಂದ ಇಲ್ಲಿ ವ್ಯತ್ಯಾಸವಾಗುವುದಿಲ್ಲ. ಅಷ್ಟೇ ಅಲ್ಲ, ಅನುಮತಿ ಇಲ್ಲವೆಂದು ಗೊತ್ತಿದ್ದೂ ಗುತ್ತಿಗೆಯ ಮೂಲಕ ಒಬ್ಬರಿಂದ ಕೆಲಸ ಮಾಡಿಸಿಕೊಳ್ಳುವುದನ್ನು ವಲಸೆ ಕಾನೂನಿನ 274ಎ ಸೆಕ್ಷನ್ ಕಂಪನಿಗೂ ನಿಷೇಧಿಸಿದೆ. ನೀವು ಅವರಿಗೆ ಅನುಮತಿ ಇಲ್ಲವೆಂದು ಬಾಯಿಬಿಟ್ಟು ಹೇಳಿದ್ದೀರಿ, ಆದ್ದರಿಂದ ತಮಗೆ ಗೊತ್ತಿರಲಿಲ್ಲ ಎನ್ನುವ ಮಾತು ಅವರಿಗೂ ಉಳಿದಿಲ್ಲ.

ಈಗ ಹಂತಗಳ ವಿಷಯ. ನೀವು ಓದುತ್ತಿರುವ ಈ ಹಂತದಲ್ಲಿ ಕ್ಯಾಂಪಸ್ಸಿನ ಒಳಗೆ, ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆ ಮತ್ತು ರಜೆಯಲ್ಲಿ ಪೂರ್ಣಾವಧಿ ಕೆಲಸ ಮಾಡಬಹುದು. ಹೊರಗಿನ ಕಂಪನಿಗೆ ಕೆಲಸ ಮಾಡಬೇಕಾದರೆ ಸಾಮಾನ್ಯ ದಾರಿ ಸಿಪಿಟಿ, ಅಂದರೆ ಓದುತ್ತಿರುವಾಗಲೇ ಮಾಡುವ ಪ್ರಾಯೋಗಿಕ ತರಬೇತಿ. ಅದಕ್ಕೆ ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿದಿರಬೇಕು. ಆರಂಭದಿಂದಲೇ ಪ್ರಾಯೋಗಿಕ ತರಬೇತಿಯನ್ನು ಕಡ್ಡಾಯ ಮಾಡಿರುವ ಸ್ನಾತಕೋತ್ತರ ಕೋರ್ಸುಗಳಿಗೆ ಮಾತ್ರ ವಿನಾಯಿತಿ ಇದೆ. ಕೆಲಸವು ನಿಮ್ಮ ಪಠ್ಯಕ್ರಮದ ಭಾಗವಾಗಿರಬೇಕು, ಮತ್ತು ನಿಮ್ಮ ವಿಶ್ವವಿದ್ಯಾಲಯದ ಡಿಎಸ್ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ) ಅದನ್ನು ಸರ್ಕಾರದ ವಿದ್ಯಾರ್ಥಿ ದಾಖಲೆಯ ವ್ಯವಸ್ಥೆಯಾದ ಸೆವಿಸ್‌ನಲ್ಲಿ ದಾಖಲಿಸಿ ಹೊಸ ಐ-20 (ಎಫ್-1 ವಿದ್ಯಾರ್ಥಿಯ ಅರ್ಹತಾ ಪತ್ರ) ಕೊಡಬೇಕು. ಆ ಐ-20ಯ ಎರಡನೆಯ ಪುಟವನ್ನು ತೆರೆದು ನೋಡಿ: ಕಂಪನಿಯ ಹೆಸರು, ಆರಂಭದ ದಿನ, ಕೊನೆಯ ದಿನ, ಅರೆಕಾಲಿಕವೋ ಪೂರ್ಣಕಾಲಿಕವೋ ಎಂಬುದು, ಎಲ್ಲವೂ ಅಲ್ಲಿ ಅಚ್ಚಾಗಿರುತ್ತದೆ. ಅಲ್ಲಿ ಬರೆದಿರುವ ಕಂಪನಿಗೆ, ಬರೆದಿರುವ ದಿನಗಳಲ್ಲಿ ಮಾತ್ರ ಕೆಲಸ. ಮುನ್ನಾದಿನ "ಸುಮ್ಮನೆ ಪರಿಚಯಕ್ಕೆ" ಎಂದು ಕರೆದು ಕೋಡ್ ಬರೆಸಿದರೂ ಅದು ಅನುಮತಿಯ ಹೊರಗೇ ಆಯಿತು.

ಪೂರ್ಣಕಾಲಿಕ ಸಿಪಿಟಿಯನ್ನು 12 ತಿಂಗಳು ಅಥವಾ ಅದಕ್ಕೂ ಹೆಚ್ಚು ಬಳಸಿದರೆ ಅದೇ ಹಂತದ ಪದವಿಗೆ ಓಪಿಟಿ (ಓದಿನ ವಿಷಯದಲ್ಲೇ ಕೆಲಸ ಮಾಡಲು ಕೊಡುವ ತಾತ್ಕಾಲಿಕ ಅನುಮತಿ) ಸಿಗುವುದಿಲ್ಲ ಎಂಬುದನ್ನೂ ನೆನಪಿಡಿ.

ಪದವಿ ಮುಗಿದ ಮೇಲೆ ಬರುವ ಓಪಿಟಿಯ 12 ತಿಂಗಳಲ್ಲಿ ಚಿತ್ರ ಬದಲಾಗುತ್ತದೆ. ಇಎಡಿ ಎಂಬ ಕೆಲಸದ ಅನುಮತಿಯ ಕಾರ್ಡ್ ಕೈಗೆ ಬಂದು, ಅದರ ಮೇಲಿನ ಆರಂಭದ ದಿನಾಂಕ ತಲುಪಿದ ಮೇಲೆ, ನಿಮ್ಮ ಓದಿನ ವಿಷಯಕ್ಕೆ ನೇರ ಸಂಬಂಧವಿರುವ ಕೆಲಸವನ್ನು 1099 ಕಾಂಟ್ರ್ಯಾಕ್ಟರ್ ಆಗಿಯೂ ಮಾಡಬಹುದು. ಈಗ ನಿಮಗೆ ಬಂದಿರುವ ಇದೇ ಕರಾರನ್ನು ಆಗ ಯಾವ ಅಳುಕೂ ಇಲ್ಲದೆ ಒಪ್ಪಿಕೊಳ್ಳಬಹುದು, ವಾರಕ್ಕೆ ಕನಿಷ್ಠ 20 ಗಂಟೆ ತುಂಬುವಂತೆ ಇನ್ನೊಂದನ್ನು ಜೊತೆಗೆ ಸೇರಿಸಿಕೊಂಡರೆ ಆಯಿತು. ಕರಾರಿನ ಅವಧಿ, ಕಂಪನಿಯ ಹೆಸರು, ವಿಳಾಸ ಇವುಗಳ ದಾಖಲೆಯನ್ನು ಸರ್ಕಾರ ಕೇಳಿದಾಗ ತೋರಿಸುವಂತಿರಬೇಕು. ಕೆಲಸ ಸಿಕ್ಕಿದ್ದನ್ನು, ಬಿಟ್ಟಿದ್ದನ್ನು 10 ದಿನಗಳೊಳಗೆ ವರದಿ ಮಾಡಬೇಕು. ಕೆಲಸವಿಲ್ಲದ ದಿನಗಳು ಒಟ್ಟು 90 ದಾಟಬಾರದು.

ಅದಾದ ಮೇಲೆ, ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಸಿಗುವ ಓಪಿಟಿಯ 24 ತಿಂಗಳ ಸ್ಟೆಮ್ ವಿಸ್ತರಣೆ. ಅಲ್ಲಿಗೆ ಬಂದೊಡನೆ ಬಾಗಿಲು ಮತ್ತೆ ಮುಚ್ಚುತ್ತದೆ. 2016ರ ಮೇ 10ರಿಂದ ಜಾರಿಯಲ್ಲಿರುವ ನಿಯಮದಂತೆ ಕಂಪನಿ ನೌಕರರ ಕೆಲಸದ ಅನುಮತಿ ಪರಿಶೀಲಿಸುವ ಸರ್ಕಾರದ ಇ-ವೆರಿಫೈ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು, ಐ-983 ಎಂಬ ತರಬೇತಿ ಯೋಜನೆಗೆ ಸಹಿ ಹಾಕಬೇಕು, ನಿಮ್ಮೊಂದಿಗೆ ನಿಜವಾದ ನೌಕರ ಸಂಬಂಧವನ್ನು ಹೊಂದಿರಬೇಕು. 1099 ಇಲ್ಲಿ ನಡೆಯುವುದಿಲ್ಲ. ಓಪಿಟಿಯಲ್ಲಿ ಕಾಂಟ್ರ್ಯಾಕ್ಟರ್ ಆಗಿದ್ದ ಅದೇ ಹುಡುಗ, ಅದೇ ಕಂಪನಿಗೆ, ಅದೇ ಕೆಲಸವನ್ನು ಸ್ಟೆಮ್ ವಿಸ್ತರಣೆಯಲ್ಲೂ ಹಾಗೆಯೇ ಮುಂದುವರಿಸಿ ತೊಂದರೆಗೆ ಸಿಕ್ಕುವುದು ಇಲ್ಲಿಯೇ.

ಉತ್ತರ 2: ಸದಸ್ಯರು, ನ್ಯೂಜೆರ್ಸಿ

ಮೇಲಿನವರು ಹೇಳಿದ ನಿಯಮಗಳು ಸರಿಯೇ ಇರಬಹುದು. ಆದರೆ ವಾಸ್ತವವನ್ನೂ ಹೇಳಬೇಕು. ನಾನು ಓದುವಾಗ ನನ್ನ ಸುತ್ತಲಿನ ಎಷ್ಟೋ ಹುಡುಗರು ಪೆಟ್ರೋಲ್ ಬಂಕುಗಳಲ್ಲಿ, ಭಾರತೀಯ ಹೋಟೆಲುಗಳಲ್ಲಿ, ಇತ್ತೀಚೆಗೆ ಊಟ ತಲುಪಿಸುವ ಆಪ್‌ಗಳಲ್ಲಿ ದುಡಿದೇ ಬಾಡಿಗೆ ಕಟ್ಟಿದ್ದಾರೆ. ಯಾರಿಗೂ ಏನೂ ಆಗಲಿಲ್ಲ. ಈ ಹುಡುಗನಿಗೆ ಬಂದಿರುವುದು ತನ್ನ ವಿದ್ಯೆಗೆ ಸಂಬಂಧಿಸಿದ ಗೌರವದ ಕೆಲಸ, ತೆರಿಗೆಯನ್ನೂ ಕಟ್ಟುತ್ತಾನೆ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಇದೆ. ಸಾಲದ ಹೊರೆ ಹೊತ್ತ ಹುಡುಗನನ್ನು ಇಷ್ಟೊಂದು ಹೆದರಿಸುವುದು ಸರಿಯೇ ಎಂದು ನನ್ನ ಪ್ರಶ್ನೆ. ಅಷ್ಟಾಗಿಯೂ ಭಯವಿದ್ದರೆ ಮೊದಲ ದಿನದಿಂದಲೇ ಸಿಪಿಟಿ ಕೊಡುವ ಕಾಲೇಜುಗಳಿವೆ, ಅಲ್ಲಿಗೆ ವರ್ಗಾವಣೆ ಮಾಡಿಸಿಕೊಳ್ಳಬಹುದು.

ಉತ್ತರ 3: ತೆರಿಗೆ ಸಲಹೆಯ ಕೆಲಸದಲ್ಲಿರುವವರು, ಕ್ಯಾಲಿಫೋರ್ನಿಯಾ

ತೆರಿಗೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಇದರಲ್ಲಿ ಎರಡು ವಿಷಯಗಳು ಸೇರಿಹೋಗಿವೆ.

ಒಂದು, ಡಬ್ಲ್ಯು-9 ನಮೂನೆ. ಅದು ಅಮೆರಿಕದ ನಾಗರಿಕರು ಮತ್ತು ತೆರಿಗೆಯ ದೃಷ್ಟಿಯಿಂದ ಇಲ್ಲಿನ ನಿವಾಸಿಗಳಾದವರಿಗೆ ಮಾತ್ರ. ಎಫ್-1 ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷಗಳವರೆಗೆ ಅನಿವಾಸಿಗಳೆಂದೇ ಪರಿಗಣಿತರಾಗುತ್ತಾರೆ. ಆ ನಮೂನೆಯಲ್ಲಿ ಸಹಿ ಹಾಕುವ ಜಾಗದ ಮೇಲೆ ಒಂದು ಪ್ರಮಾಣವಿದೆ, ಅದರ ಒಂದು ಅಂಶವೇ ತಾನು ಅಮೆರಿಕದ ನಾಗರಿಕ ಅಥವಾ ಅಂಥ ನಿವಾಸಿ ಎಂಬುದು. ಸುಳ್ಳಾದರೆ ಶಿಕ್ಷೆಗೆ ಒಳಪಡುವೆನೆಂದು ಒಪ್ಪಿ ಅಲ್ಲಿ ಸಹಿ ಹಾಕುತ್ತೀರಿ. ಓದದೆ ಸಹಿ ಮಾಡಬೇಡಿ. ಓಪಿಟಿಯಲ್ಲಿ ಅನುಮತಿಯೊಂದಿಗೆ ಕಾಂಟ್ರ್ಯಾಕ್ಟ್ ಮಾಡುವ ಅನಿವಾಸಿ ವಿದ್ಯಾರ್ಥಿಗೂ ಡಬ್ಲ್ಯು-9 ಸಲ್ಲದು. ಇಲ್ಲೇ ಕೂತು ಮಾಡಿದ ಸ್ವತಂತ್ರ ಕೆಲಸದ ಹಣದಿಂದ ಕಂಪನಿ ಶೇಕಡಾ 30ರಷ್ಟು ತೆರಿಗೆ ಮುರಿದುಕೊಳ್ಳಬೇಕು ಎಂಬುದು ಸಾಮಾನ್ಯ ನಿಯಮ. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ವಿನಾಯಿತಿ ಇದ್ದರೆ 8233 ನಮೂನೆಯಲ್ಲಿ ಕೇಳಿಕೊಳ್ಳಬೇಕು. ಸಣ್ಣ ಕಂಪನಿಗಳಿಗೆ ಇದು ಗೊತ್ತಿರುವುದೇ ಇಲ್ಲ, ಎಲ್ಲರಿಗೂ ಒಂದೇ ಡಬ್ಲ್ಯು-9 ಕಳುಹಿಸುತ್ತಾರೆ. ಓಪಿಟಿಯವರಿಗೆ ಒಂದು ಅನುಕೂಲವೂ ಇದೆ: ಅನಿವಾಸಿಗಳಾಗಿರುವವರೆಗೆ ಸ್ವಯಂ ಉದ್ಯೋಗದ ತೆರಿಗೆ ಎಂಬ ಶೇಕಡಾ 15.3ರ ಹೊರೆ ಬೀಳುವುದಿಲ್ಲ. ಆದಾಯವನ್ನು 1040-ಎನ್ಆರ್ ನಮೂನೆಯಲ್ಲಿ ತೋರಿಸಬೇಕು. ಭಾರತದೊಂದಿಗಿನ ಒಪ್ಪಂದದ 21ನೆಯ ವಿಧಿಯ ಕಾರಣ, ಬೇರೆ ಬಹುತೇಕ ದೇಶಗಳ ಅನಿವಾಸಿ ವಿದ್ಯಾರ್ಥಿಗಳಿಗಿಲ್ಲದ ಸ್ಟ್ಯಾಂಡರ್ಡ್ ಡಿಡಕ್ಷನ್ ನಮ್ಮ ವಿದ್ಯಾರ್ಥಿಗಳಿಗೆ ಸಿಗುತ್ತದೆ. ಅನೇಕರು ಇದನ್ನು ಬಿಟ್ಟು ಹೆಚ್ಚು ತೆರಿಗೆ ಕಟ್ಟುತ್ತಿರುವುದನ್ನು ನಾನು ನೋಡುತ್ತಿರುತ್ತೇನೆ.

ಎರಡು, ತೆರಿಗೆ ಕಟ್ಟಿದ ಮಾತ್ರಕ್ಕೆ ಅನುಮತಿ ಇಲ್ಲದ ಕೆಲಸ ಸಕ್ರಮವಾಗುವುದಿಲ್ಲ. ಅನುಮತಿ ಇಲ್ಲದೆ ದುಡಿದವರೂ ತೆರಿಗೆ ಕಟ್ಟಲೇಬೇಕು, ಅದು ಬೇರೆಯ ಕರ್ತವ್ಯ. 1099ರ ಒಂದು ಪ್ರತಿ ತೆರಿಗೆ ಇಲಾಖೆಗೂ ಹೋಗುತ್ತದೆ. ಯಾವ ವರ್ಷ, ಯಾವ ಕಂಪನಿ, ಎಷ್ಟು ಹಣ ಎಂಬುದು ನಿಮ್ಮ ಹೆಸರಿನಲ್ಲಿ ಉಳಿದುಬಿಡುತ್ತದೆ.

ಉತ್ತರ 4: ಟೆಕ್ಸಸ್‌ನವರು ಮತ್ತೆ

ನ್ಯೂಜೆರ್ಸಿಯ ಸದಸ್ಯರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ "ಯಾರಿಗೂ ಏನೂ ಆಗಲಿಲ್ಲ" ಎನ್ನುವ ಮಾತನ್ನು ನಾನು ಒಪ್ಪಲಾರೆ, ಏಕೆಂದರೆ ಈ ತಪ್ಪಿನ ಫಲ ಅದೇ ವರ್ಷ ಕಾಣಬೇಕೆಂದಿಲ್ಲ. ಎಚ್-1ಬಿಗೆ ಸ್ಟೇಟಸ್ ಬದಲಿಸುವಾಗ ಇಷ್ಟು ವರ್ಷ ನಿಯಮ ಪಾಲಿಸಿದ್ದಕ್ಕೆ ದಾಖಲೆ ಕೇಳಬಹುದು. ಗ್ರೀನ್ ಕಾರ್ಡಿನ ಐ-485 ಅರ್ಜಿಯಲ್ಲಂತೂ ಅನುಮತಿ ಇಲ್ಲದೆ ಎಂದಾದರೂ ಕೆಲಸ ಮಾಡಿದ್ದೀರಾ ಎಂಬ ಪ್ರಶ್ನೆ ನೇರವಾಗಿಯೇ ಇದೆ. ಹೌದು ಎಂದರೆ ಒಂದು ತೊಂದರೆ; ಇಲ್ಲ ಎಂದು ಸುಳ್ಳು ಬರೆದರೆ ಅದಕ್ಕಿಂತ ದೊಡ್ಡದು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಕೆಲವು ತಿಂಗಳ ಬಾಡಿಗೆಗಾಗಿ ಮಾಡಿದ ಕೆಲಸಕ್ಕೆ ಮಕ್ಕಳಾದ ಮೇಲೆ ಉತ್ತರ ಹೇಳಬೇಕಾಗುತ್ತದೆ.

ಇನ್ನೂ ಗಟ್ಟಿಯಾದ ಕಾರಣ ಒಂದಿದೆ. ವಿದ್ಯಾರ್ಥಿಯೊಬ್ಬ ಬೇರೆ ಕಾರಣಕ್ಕೆ ಸ್ಟೇಟಸ್ ಕಳೆದುಕೊಂಡರೆ, ಉದಾಹರಣೆಗೆ ಗೊತ್ತಿಲ್ಲದೆ ಒಂದು ಕೋರ್ಸ್ ಕಡಿಮೆ ತೆಗೆದುಕೊಂಡಿದ್ದರೆ, ಸಾಮಾನ್ಯವಾಗಿ 5 ತಿಂಗಳೊಳಗೆ ಮರುಸ್ಥಾಪನೆಗೆ ಅರ್ಜಿ ಹಾಕಿಕೊಳ್ಳುವ ಅವಕಾಶವಿದೆ. ಅನುಮತಿ ಇಲ್ಲದೆ ಕೆಲಸ ಮಾಡಿದವರಿಗೆ ಆ ಅವಕಾಶವನ್ನೇ ನಿಯಮ ಕೊಡುವುದಿಲ್ಲ. ಉಳಿದ ತಪ್ಪುಗಳಿಗೆ ಇರುವ ಕ್ಷಮೆ ಈ ಒಂದಕ್ಕೆ ಇಲ್ಲ.

ಸೋಷಿಯಲ್ ಸೆಕ್ಯುರಿಟಿ ಕಾರ್ಡನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ ಎಂದು ಪ್ರಶ್ನೆ ಕೇಳಿದವರಿಗೆ ಹೇಳುತ್ತೇನೆ. ಗೃಹಭದ್ರತಾ ಇಲಾಖೆಯ ಅನುಮತಿ ಇದ್ದರೆ ಮಾತ್ರ ಕೆಲಸಕ್ಕೆ ಸಿಂಧು ಎಂಬ ಸಾಲು ಅದರ ಮೇಲೆಯೇ ಅಚ್ಚಾಗಿದೆ. ಸಂಖ್ಯೆ ಇದೆ ಎಂದ ಮಾತ್ರಕ್ಕೆ ಕೆಲಸದ ಹಕ್ಕು ಬಂತೆಂದು ತಿಳಿಯಬಾರದು.

ಮೊದಲ ದಿನದ ಸಿಪಿಟಿಯ ಬಗ್ಗೆ: ಕಡ್ಡಾಯ ತರಬೇತಿ ಇರುವ ನಿಜವಾದ ಕೋರ್ಸುಗಳು ಇವೆ, ಅವುಗಳ ಮೇಲೆ ನನ್ನ ಆಕ್ಷೇಪವಿಲ್ಲ. ಆದರೆ ದುಡಿಯುವ ಅನುಮತಿಗಾಗಿಯೇ ಕಾಲೇಜು ಹುಡುಕಿ ಹೋಗುವವರು ಮಿಶಿಗನ್‌ನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಪ್ರಕರಣವನ್ನು ಮರೆಯಬಾರದು. ಅದು ತನಿಖಾಧಿಕಾರಿಗಳೇ ಕಟ್ಟಿದ ಹುಸಿ ಸಂಸ್ಥೆಯಾಗಿತ್ತು, ಅಲ್ಲಿ ತರಗತಿಗಳೇ ಇರಲಿಲ್ಲ. 2019ರ ಜನವರಿಯಲ್ಲಿ ವಿಷಯ ಬಯಲಾದಾಗ ವಿದ್ಯಾರ್ಥಿಗಳನ್ನು ಸೇರಿಸಿಕೊಟ್ಟ 8 ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು, ವಿದ್ಯಾರ್ಥಿಗಳನ್ನು ಬಂಧಿಸಲಾಯಿತು. ಅವರಲ್ಲಿ ಹೆಚ್ಚಿನವರು ಭಾರತೀಯರೇ. ಸರ್ಕಾರ ಹಾಗೆ ಬಲೆ ಬೀಸಿದ್ದು ನ್ಯಾಯವೇ ಎಂಬ ಪ್ರಶ್ನೆ ನನಗೂ ಇದೆ. ಆ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಆ ಮಕ್ಕಳ ಬದುಕು ಅಡ್ಡದಾರಿಗೆ ಬಿದ್ದಾಗಿತ್ತು.

ಉತ್ತರ 5: ವಿದ್ಯಾರ್ಥಿಯೊಬ್ಬನ ತಂದೆ, ಶಿವಮೊಗ್ಗ

ನಮಸ್ಕಾರ. ನನ್ನ ಮಗನೂ ಓಹಾಯೋದಲ್ಲಿ ಓದುತ್ತಿದ್ದಾನೆ. ಇಲ್ಲಿ ಕುಳಿತ ನಮಗೆ ಈ ನಿಯಮಗಳು ತಿಳಿಯುವುದಿಲ್ಲ. ವಾರಕ್ಕೆ ಇಪ್ಪತ್ತು ಗಂಟೆ ಕೆಲಸ ಮಾಡಬಹುದಂತೆ ಎಂದು ಯಾರೋ ಹೇಳಿದ್ದನ್ನು ನಂಬಿ, "ಏನಾದರೂ ಮಾಡಪ್ಪ, ಬಡ್ಡಿಯಾದರೂ ಕಟ್ಟೋಣ" ಎಂದು ಫೋನಿನಲ್ಲಿ ನಾವೇ ಒತ್ತಾಯಿಸುತ್ತೇವೆ. ಕ್ಯಾಂಪಸ್ ಒಳಗೆ ಕೆಲಸ ಸಿಗದ ಮಕ್ಕಳಿಗೆ ನ್ಯಾಯವಾದ ಬೇರೆ ದಾರಿ ಏನಾದರೂ ಇದೆಯೇ? ಡಾಲರಿನ ಬೆಲೆ ಏರಿ ನಾವು ಹಾಕಿಕೊಂಡ ಲೆಕ್ಕವೆಲ್ಲ ತಲೆಕೆಳಗಾಗಿದೆ.

ಉತ್ತರ 6: ಟೆಕ್ಸಸ್‌ನವರು

ಸರ್, ನೀವು ಕೇಳಿದ್ದು ಒಳ್ಳೆಯದಾಯಿತು. ಒಂದು ದಾರಿ ಇದೆ, ಅದರ ಬಗ್ಗೆ ತಿಳಿದವರು ಕಡಿಮೆ. ಒಂದು ಶೈಕ್ಷಣಿಕ ವರ್ಷ ಮುಗಿಸಿದ ವಿದ್ಯಾರ್ಥಿಗೆ, ತನ್ನ ಕೈಮೀರಿದ ಮತ್ತು ಮೊದಲೇ ಊಹಿಸಲಾಗದ ಕಾರಣದಿಂದ ತೀವ್ರ ಆರ್ಥಿಕ ಸಂಕಷ್ಟ ಬಂದರೆ, ಹೊರಗೆ ಕೆಲಸ ಮಾಡಲು ಅನುಮತಿ ಕೇಳಬಹುದು. ಹಣ ಕಳುಹಿಸುತ್ತಿದ್ದವರ ಆದಾಯ ನಿಂತುಹೋಗುವುದು, ಕರೆನ್ಸಿಯ ಮೌಲ್ಯ ಗಣನೀಯವಾಗಿ ಕುಸಿಯುವುದು, ಅನಿರೀಕ್ಷಿತ ವೈದ್ಯಕೀಯ ಖರ್ಚು ಇಂಥವು ಕಾರಣಗಳಾಗುತ್ತವೆ. ಡಿಎಸ್ಒ ಶಿಫಾರಸು ಮಾಡಬೇಕು, ಐ-765 ಅರ್ಜಿ ಹಾಕಬೇಕು, ಕಾರ್ಡ್ ಬರುವವರೆಗೆ ಕಾಯಬೇಕು. ಸಿಕ್ಕರೆ ತರಗತಿಗಳ ಸಮಯದಲ್ಲಿ ವಾರಕ್ಕೆ 20 ಗಂಟೆ. ಕೆಲಸ ಓದಿನ ವಿಷಯಕ್ಕೇ ಸಂಬಂಧಿಸಿರಬೇಕೆಂಬ ಕಟ್ಟಳೆ ಇಲ್ಲ. ಆದರೆ ಸೇರುವ ಮೊದಲೇ ಗೊತ್ತಿದ್ದ ಸಾಲ ಮತ್ತು ಶುಲ್ಕವನ್ನು ಇದಕ್ಕೆ ಕಾರಣವಾಗಿ ಒಪ್ಪುವುದಿಲ್ಲ, ಅದನ್ನು ಈಗಲೇ ಹೇಳಿಬಿಡುವುದು ಮೇಲು. ಬ್ಯಾಂಕಿನ ಪತ್ರ, ಆದಾಯ ನಿಂತ ದಾಖಲೆ ಮುಂತಾದವನ್ನು ನೀವು ಅಲ್ಲಿಂದ ಒದಗಿಸಿಕೊಟ್ಟರೆ ಮಗನಿಗೆ ಬಹಳ ಸಹಾಯವಾಗುತ್ತದೆ.

ಪದವಿಗೆ ಮುಂಚೆಯೇ ಓಪಿಟಿಯ ಒಂದು ಭಾಗವನ್ನು ಬಳಸುವ ದಾರಿಯೂ ಇದೆ. ಆದರೆ ಅದು ಮುಂದಿನ 12 ತಿಂಗಳಿನಿಂದ ಕಳೆದುಹೋಗುವುದರಿಂದ ನಾನಾಗಿ ಯಾರಿಗೂ ಅದನ್ನು ಸೂಚಿಸುವುದಿಲ್ಲ.

ಉತ್ತರ 7: ಸ್ಟೆಮ್ ವಿಸ್ತರಣೆಯಲ್ಲಿರುವವರು, ಜಾರ್ಜಿಯಾ

ಕನ್ಸಲ್ಟೆನ್ಸಿಗಳ ವಿಷಯ ಇಲ್ಲಿ ಬರಲಿಲ್ಲ, ಅದನ್ನು ನಾನು ಸೇರಿಸುತ್ತೇನೆ. ಕನ್ಸಲ್ಟೆನ್ಸಿಯೊಂದು ನಮ್ಮನ್ನು ನೌಕರರಾಗಿ ತೆಗೆದುಕೊಂಡು ಬೇರೆ ಕಂಪನಿಯ ಕಚೇರಿಗೆ ಕಳುಹಿಸಬಹುದೇ ಎಂಬ ಬಗ್ಗೆ 2018ರಲ್ಲಿ ದೊಡ್ಡ ಗೊಂದಲವಾಗಿತ್ತು. ವಲಸೆ ಇಲಾಖೆ ತನ್ನ ಜಾಲತಾಣದಲ್ಲಿ ಹಾಗೆ ಕಳುಹಿಸುವಂತಿಲ್ಲ ಎಂಬರ್ಥ ಬರುವಂತೆ ಬರೆದಿತ್ತು, ಅದೇ ವರ್ಷದ ಆಗಸ್ಟ್‌ನಲ್ಲಿ ಅದನ್ನು ತಿದ್ದಿತು. ಈಗಿನ ನಿಲುವು ಇಷ್ಟು: ಕೆಲಸದ ಜಾಗ ಬೇರೆಯವರದ್ದಾಗಿರಬಹುದು, ಆದರೆ ಐ-983ಕ್ಕೆ ಸಹಿ ಹಾಕಿದ ಕಂಪನಿಯೇ ನಿಮಗೆ ಸಂಬಳ ಕೊಡಬೇಕು ಮತ್ತು ಅದರ ಸಿಬ್ಬಂದಿಯೇ ನಿಮಗೆ ತರಬೇತಿ ಕೊಡಬೇಕು.

ನನ್ನ ಪರಿಚಯದವರೊಬ್ಬರಿಗೆ ಕನ್ಸಲ್ಟೆನ್ಸಿಯೊಂದು ಐ-983 ತುಂಬಿಕೊಟ್ಟಿತು. ಅದರಲ್ಲಿ ಮೇಲ್ವಿಚಾರಕರೆಂದು ಬರೆದಿದ್ದ ವ್ಯಕ್ತಿಯ ಜೊತೆ ಅವರು ಒಮ್ಮೆಯೂ ಮಾತನಾಡಿರಲಿಲ್ಲ. ಪ್ರಾಜೆಕ್ಟ್ ಸಿಗುವವರೆಗೆ ಸಂಬಳವಿಲ್ಲದೆ ಬೆಂಚಿನ ಮೇಲೆ ಕೂರಿಸಿ, ದಾಖಲೆಯಲ್ಲಿ ಮಾತ್ರ ಕೆಲಸದಲ್ಲಿದ್ದಾರೆ ಎಂದು ತೋರಿಸಿದ್ದರು. ಅಧಿಕಾರಿಗಳು ಕಚೇರಿಗೆ ಬಂದು ಪರಿಶೀಲಿಸುವ ಅಧಿಕಾರ ನಿಯಮದಲ್ಲೇ ಇದೆ. ಸಾಮಾನ್ಯವಾಗಿ 48 ಗಂಟೆ ಮುಂಚೆ ತಿಳಿಸುತ್ತಾರೆ, ದೂರು ಬಂದಿದ್ದರೆ ತಿಳಿಸದೆಯೂ ಬರಬಹುದು. ನಿಮ್ಮ ತರಬೇತಿ ಏನು, ಯಾರು ಕಲಿಸುತ್ತಾರೆ ಎಂದು ಅವರು ಕೇಳಿದಾಗ ಸ್ವಂತ ಮಾತಿನಲ್ಲಿ ಉತ್ತರ ಹೇಳಲು ಆಗದಿದ್ದರೆ, ಆ ಕಾಗದ ಎಷ್ಟೇ ಅಚ್ಚುಕಟ್ಟಾಗಿದ್ದರೂ ಪ್ರಯೋಜನವಿಲ್ಲ. ಸ್ಟೆಮ್ ಅವಧಿಯಲ್ಲಿ ಕೆಲಸವಿಲ್ಲದ ದಿನಗಳ ಮಿತಿ, ಹಿಂದಿನದೂ ಸೇರಿ, ಒಟ್ಟು 150. ಸಂಬಳವಿಲ್ಲದ ಬೆಂಚಿನ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ ಎಂದು ಯಾವ ಏಜೆಂಟ್ ಹೇಳಿದರೂ ನಂಬಬೇಡಿ.

ಉತ್ತರ 8: ಸದಸ್ಯರು, ಲೆಸ್ಟರ್, ಇಂಗ್ಲೆಂಡ್

ಬ್ರಿಟನ್ನಿಗೆ ಬರುವ ನಮ್ಮ ಮಕ್ಕಳಿಗಾಗಿ ಒಂದೆರಡು ಮಾತು. ಇಲ್ಲಿ ಪದವಿ ಮಟ್ಟದ ವಿದ್ಯಾರ್ಥಿಗಳು ತರಗತಿಗಳ ಅವಧಿಯಲ್ಲಿ ವಾರಕ್ಕೆ 20 ಗಂಟೆ ಕ್ಯಾಂಪಸ್ಸಿನ ಹೊರಗೂ ಕೆಲಸ ಮಾಡಬಹುದು, ಆದರೆ ಸ್ವಯಂ ಉದ್ಯೋಗ ಪೂರ್ತಿ ನಿಷಿದ್ಧ. ಊಟ ತಲುಪಿಸುವ ಆಪ್‌ಗಳ ಸವಾರರು ಸಾಮಾನ್ಯವಾಗಿ ಸ್ವಯಂ ಉದ್ಯೋಗಿಗಳೆಂದೇ ನೋಂದಾಯಿತರಾಗುವುದರಿಂದ, ಐದು ಗಂಟೆ ಮಾಡಿದರೂ ವೀಸಾ ಷರತ್ತು ಮುರಿದಂತೆ. ಓದು ಮುಗಿದು ಗ್ರಾಜುಯೇಟ್ ವೀಸಾ ಬಂದ ಮೇಲೆ ಸ್ವಯಂ ಉದ್ಯೋಗಕ್ಕೂ ಅವಕಾಶವಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ನಮ್ಮ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಿ ಮಾತನಾಡಿದೆ. ಮೇ ತಿಂಗಳಿಗೆ ನನಗೆ ಒಂದು ಶೈಕ್ಷಣಿಕ ವರ್ಷ ತುಂಬುತ್ತದೆ. ನಮ್ಮ ವಿಭಾಗದಲ್ಲಿ ಒಂದು ಕ್ರೆಡಿಟ್‌ನ ಇಂಟರ್ನ್‌ಶಿಪ್ ಕೋರ್ಸ್ ಇರುವುದರಿಂದ ಬೇಸಿಗೆಗೆ ಸಿಪಿಟಿ ಕೇಳಬಹುದು, ಆದರೆ ಕಂಪನಿ ನನ್ನನ್ನು 1099ರ ಬದಲು ಡಬ್ಲ್ಯು-2 (ಸಂಬಳದ ನೌಕರರಿಗೆ ಕೊಡುವ ತೆರಿಗೆ ನಮೂನೆ) ಇಂಟರ್ನ್ ಆಗಿ ತೆಗೆದುಕೊಳ್ಳಬೇಕು, ಮೇಲ್ವಿಚಾರಕರ ಹೆಸರಿರುವ ನೇಮಕಾತಿ ಪತ್ರ ಕೊಡಬೇಕು ಎಂದು ಡಿಎಸ್ಒ ಹೇಳಿದರು. ಕಂಪನಿಗೆ ಹಾಗೆಯೇ ಬರೆದಿದ್ದೇನೆ; ಬೇಸಿಗೆಯವರೆಗೆ ಕಾಯಲು ಒಪ್ಪಿದ್ದಾರೆ, ಡಬ್ಲ್ಯು-2 ಬಗ್ಗೆ ತಮ್ಮ ಲೆಕ್ಕಪರಿಶೋಧಕರನ್ನು ಕೇಳಿ ತಿಳಿಸುತ್ತಾರಂತೆ. ಅಲ್ಲಿಯವರೆಗೆ ಗ್ರಂಥಾಲಯದ ಕೆಲಸವನ್ನೇ ಮುಂದುವರಿಸುತ್ತೇನೆ.

ಕೊನೆಯದಾಗಿ ಒಂದು ಪ್ರಶ್ನೆ. ಬೆಂಗಳೂರಿನಲ್ಲಿ ನಾನು ಮೊದಲು ಕೆಲಸ ಮಾಡುತ್ತಿದ್ದ ಕಂಪನಿಯವರು ಆಗಾಗ ಸಣ್ಣ ಕೆಲಸಕ್ಕೆ ಕೇಳುತ್ತಾರೆ. ಹಣ ಭಾರತದ ಖಾತೆಗೆ, ರೂಪಾಯಿಯಲ್ಲಿ ಬರುತ್ತದೆ. ಅದಕ್ಕಾದರೂ ಅಡ್ಡಿಯಿಲ್ಲವೇ?

ಉತ್ತರ 9: ಟೆಕ್ಸಸ್‌ನವರು

ಹಣ ಯಾವ ದೇಶದ ಖಾತೆಗೆ ಬಂತು ಎಂಬುದಕ್ಕಿಂತ, ಕೆಲಸ ಮಾಡುವಾಗ ನೀವು ಎಲ್ಲಿ ಕುಳಿತಿದ್ದಿರಿ ಎಂಬುದು ಮುಖ್ಯ. ವಿದೇಶಿ ಕಂಪನಿಗೆ ಮಾಡಿದ ಕೆಲಸಕ್ಕೆ ವಿನಾಯಿತಿ ಎಂದು ಎಫ್-1 ನಿಯಮದಲ್ಲಿ ಎಲ್ಲಿಯೂ ಬರೆದಿಲ್ಲ. ವಕೀಲರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯಗಳಿವೆ, ಆದರೆ ಸ್ಟೇಟಸ್ಸನ್ನೇ ಪಣಕ್ಕಿಟ್ಟು ಆ ಭಿನ್ನಾಭಿಪ್ರಾಯದ ಮೇಲೆ ನಿಲ್ಲಬೇಡಿ ಎಂದೇ ನಾನು ಹೇಳುತ್ತೇನೆ. ಇಲಿನಾಯ್‌ನ ಕೋಣೆಯಲ್ಲಿ ಕುಳಿತು ಮಾಡುವುದನ್ನು ಬಿಡಿ. ರಜೆಗೆ ಊರಿಗೆ ಹೋದಾಗ, ಹಾಸನದ ಮನೆಯಲ್ಲಿ ಕುಳಿತು ಅದೇ ಕೆಲಸ ಮಾಡುವುದಕ್ಕೆ ಅಮೆರಿಕದ ಯಾರ ಅನುಮತಿಯೂ ಬೇಕಾಗಿಲ್ಲ.

ಹಾಗೆಯೇ, ಬೇಸಿಗೆಯಲ್ಲಿ ಸಿಪಿಟಿ ಸಿಕ್ಕರೆ ಆ ಐ-20, ನೇಮಕಾತಿ ಪತ್ರ ಮತ್ತು ಸಂಬಳದ ಚೀಟಿಗಳ ಪ್ರತಿಗಳನ್ನು ಒಂದೆಡೆ ಇಟ್ಟುಕೊಳ್ಳಿ. ಮುಂದೆ ಹೊಸ ಐ-20 ಬಂದಿತೆಂದು ಹಳೆಯದನ್ನು ಎಸೆಯಬೇಡಿ. ಎಚ್-1ಬಿ ಅರ್ಜಿಯ ವೇಳೆಗೆ ಎಲ್ಲವನ್ನೂ ಕೇಳುವ ಸಾಧ್ಯತೆ ಇದೆ.